ಎಷ್ಟು ರಾತ್ರಿ ಎಂಬ ಪ್ರಶ್ನೆ

ಹಳೆಯ ಕ್ರೀಡಾಂಗಣವನ್ನು ಹೊಸದಾಗಿ ಕಟ್ಟುವ ಯೋಜನೆ ಯಾವ ಊರಿನಲ್ಲಿ ಪ್ರಕಟವಾದರೂ ಮುಂದಿನದೆಲ್ಲ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ನಡೆಯುತ್ತದೆ. ಸುತ್ತಲಿನ ಮನೆಗಳವರು ಪಾಲಿಕೆಗೆ ಆಕ್ಷೇಪಣೆ ಸಲ್ಲಿಸುತ್ತಾರೆ. ಸದ್ದು, ಜನಸಂದಣಿ, ಕೆಟ್ಟ ನಿದ್ದೆ ಎಂದು ಬರೆಯುತ್ತಾರೆ. ಕೂಡಲೇ ಅವರಿಗೆ ಊರಿನ ಏಳಿಗೆಗೆ ಅಡ್ಡಗಾಲು ಹಾಕುವವರು ಎಂಬ ಹೆಸರು ಬೀಳುತ್ತದೆ. ಪತ್ರಿಕೆಯ ಸಂಪಾದಕೀಯ, ಕ್ಲಬ್ಬಿನ ವಕ್ತಾರರು, ಅಭಿಮಾನಿಗಳು, ಬಹಳಷ್ಟು ಸಲ ಚುನಾಯಿತ ಸದಸ್ಯರು, ಎಲ್ಲರೂ ಒಂದೇ ಮಾತನ್ನು ಬೇರೆ ಬೇರೆ ಧಾಟಿಯಲ್ಲಿ ಹೇಳುತ್ತಾರೆ: ಕ್ರೀಡಾಂಗಣ ಅಲ್ಲಿ ಮೊದಲಿನಿಂದ ಇದೆ, ತಿಳಿದೇ ಮನೆ ಕೊಂಡಿದ್ದೀರಿ, ಕೆಲವು ನೂರು ಮನೆಗಳ ಅನುಕೂಲಕ್ಕಾಗಿ ಲಕ್ಷಾಂತರ ಜನರ ಸಂತೋಷವನ್ನೂ ಊರಿನ ವರಮಾನವನ್ನೂ ಬಲಿಕೊಡಲಾಗದು. ಈ ಅಭಿಪ್ರಾಯ ಈಗ ಎಷ್ಟು ಸಹಜವಾಗಿದೆಯೆಂದರೆ ಅದನ್ನು ವಾದಿಸಿ ಸ್ಥಾಪಿಸುವ ಕಷ್ಟವನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ. ಅದು ಬುಡದಲ್ಲೇ ತಪ್ಪು ಎಂದು ನಾನು ಹೇಳುತ್ತೇನೆ. ನೆರೆಯವರ ತಕರಾರು ಆಟದ ಮೇಲಿನದಲ್ಲ. ಕ್ರೀಡಾಂಗಣ ಎಂಬ ಹಳೆಯ ಹೆಸರನ್ನು ಉಳಿಸಿಕೊಂಡು ಅದೇ ಜಾಗದಲ್ಲಿ ಬೇರೊಂದು ಉದ್ದಿಮೆಯನ್ನು ತರುತ್ತಿರುವುದನ್ನು ಅವರು ಗುರುತಿಸುತ್ತಾರೆ. ಆ ಉದ್ದಿಮೆ ವರ್ಷದಲ್ಲಿ ಎಷ್ಟು ರಾತ್ರಿ ನಡೆಯಬೇಕು ಎಂಬ ಪ್ರಶ್ನೆಯನ್ನು ಕಾಂಕ್ರೀಟು ಸುರಿಯುವ ಮೊದಲು ಎತ್ತುವವರು ಬಹುಮಟ್ಟಿಗೆ ಅವರು ಮಾತ್ರ.

ಮೊದಲು ಹಣದ ಲೆಕ್ಕ ನೋಡೋಣ, ಏಕೆಂದರೆ ಸದ್ದು ಹುಟ್ಟುವುದು ಅಲ್ಲಿಂದ. ಸ್ಪೇನಿನ ಮೊದಲ ದರ್ಜೆಯ ಫುಟ್‌ಬಾಲ್ ತಂಡವೊಂದು ಒಂದು ಋತುವಿನಲ್ಲಿ ಲೀಗಿನ 19 ಪಂದ್ಯಗಳನ್ನು ತವರಿನಲ್ಲಿ ಆಡುತ್ತದೆ. ಯುರೋಪಿನ ಟೂರ್ನಿ, ದೇಶೀ ಕಪ್ ಎಲ್ಲ ಸೇರಿಸಿದರೂ ವರ್ಷದ ಹೆಚ್ಚಿನ ದಿನ ಕ್ರೀಡಾಂಗಣ ಖಾಲಿ. ಹಳೆಯ ಕ್ರೀಡಾಂಗಣಕ್ಕೆ ಇದೊಂದು ಸಮಸ್ಯೆಯಾಗಿರಲಿಲ್ಲ. ಅದರ ಖರ್ಚು ಎಂದೋ ತೀರಿತ್ತು. ಹೊಸದಾಗಿ ಕಟ್ಟಿದ್ದಕ್ಕೆ ಸಾಲ ಇರುತ್ತದೆ, ಸಾಲಕ್ಕೆ ಕಂತು ಇರುತ್ತದೆ, ಖಾಲಿ ಬಿದ್ದ ದಿನಗಳು ಕಂತು ಕಟ್ಟುವುದಿಲ್ಲ. ಮ್ಯಾಡ್ರಿಡ್ ನಗರದ ಸಾಂಟಿಯಾಗೊ ಬೆರ್ನಬೇವು ಕ್ರೀಡಾಂಗಣ ಇದಕ್ಕೆ ಸ್ಪಷ್ಟ ಸಾಕ್ಷಿ. 1947ರ ಡಿಸೆಂಬರಿನಲ್ಲಿ ಶುರುವಾದ ಆ ಕ್ರೀಡಾಂಗಣದ ಮರುನಿರ್ಮಾಣವನ್ನು ರಿಯಲ್ ಮ್ಯಾಡ್ರಿಡ್ ಕ್ಲಬ್ 2019ರಲ್ಲಿ ಕೈಗೆತ್ತಿಕೊಂಡಿತು. ಮೊದಲ ಸಾಲ 57.5 ಕೋಟಿ ಯೂರೊ. ಮುಂದೆ ಇನ್ನೆರಡು ಸಾಲಗಳು ಸೇರಿ ಮೊತ್ತ 117 ಕೋಟಿ ಯೂರೊ ಆಯಿತು. ಹುಲ್ಲಿನ ಅಂಕಣವನ್ನು ಪಟ್ಟಿಪಟ್ಟಿಯಾಗಿ ಬಿಡಿಸಿ ನೆಲದಡಿಯ ಆಳವಾದ ಮಾಳಿಗೆಗೆ ಇಳಿಸುವ ಯಂತ್ರವ್ಯವಸ್ಥೆ ಬಂತು, ಮುಚ್ಚಿ ತೆರೆಯುವ ಚಾವಣಿ ಬಂತು. ಫುಟ್‌ಬಾಲ್ ಆಡುವುದಕ್ಕೆ ಹುಲ್ಲನ್ನು ನೆಲದೊಳಗೆ ಬಚ್ಚಿಡುವ ಅಗತ್ಯವಿಲ್ಲ. ಹುಲ್ಲಿನ ಜಾಗದಲ್ಲಿ ವೇದಿಕೆ ಹಾಕಿ, ಮರುದಿನವೇ ಮತ್ತೊಂದು ಕಾರ್ಯಕ್ರಮ ನಡೆಸಬೇಕಾದವರಿಗೆ ಅದು ಬೇಕು. ಕಟ್ಟಡ ಮುಗಿಯುವ ಮೊದಲೇ, 2022ರ ಮೇ ತಿಂಗಳಲ್ಲಿ, ಕ್ರೀಡಾಂಗಣದ ಕೆಲವು ಹೊಸ ವ್ಯವಹಾರಗಳಲ್ಲಿ 20 ವರ್ಷ ಪಾಲು ಪಡೆಯಲು ಅಮೆರಿಕದ ಹೂಡಿಕೆ ಸಂಸ್ಥೆ ಸಿಕ್ಸ್ತ್ ಸ್ಟ್ರೀಟ್ 36 ಕೋಟಿ ಯೂರೊ ಕೊಡುವ ಒಪ್ಪಂದವಾಯಿತು. ಹಾಗೆಂದು ಕ್ಲಬ್ ಯಾರಿಗೂ ಮೋಸ ಮಾಡಿತೆಂದು ನಾನು ಹೇಳುತ್ತಿಲ್ಲ, ಎಲ್ಲವೂ ಬಹಿರಂಗವಾಗಿಯೇ ನಡೆಯಿತು. ಆದರೆ ಇಷ್ಟೆಲ್ಲ ಕಣ್ಣೆದುರಿಗೆ ಇರುವಾಗ ‘ಅದೇ ಕ್ರೀಡಾಂಗಣ, ಸ್ವಲ್ಪ ಚೆಂದ ಮಾಡಿದ್ದಾರೆ’ ಎಂದು ನೆರೆಯವರಿಗೆ ಹೇಳುವುದು ಸತ್ಯವಲ್ಲ.

ಲಂಡನ್ನಿನಲ್ಲೂ ಇದೇ ದಿಕ್ಕು. ಟಾಟನ್‌ಹ್ಯಾಮ್ ತಂಡದ ಹೊಸ ಕ್ರೀಡಾಂಗಣಕ್ಕೆ ಫುಟ್‌ಬಾಲ್ ಅಲ್ಲದ ದೊಡ್ಡ ಕಾರ್ಯಕ್ರಮಗಳು ವರ್ಷಕ್ಕೆ 16 ಎಂದಿದ್ದ ಮಿತಿ 30ಕ್ಕೆ ಏರಿತು. ರಗ್ಬಿಯ ಮನೆಯಾದ ಟ್ವಿಕನ್‌ಹ್ಯಾಮ್‌ನಲ್ಲಿ ವರ್ಷಕ್ಕೆ ಮೂರು ಸಂಗೀತ ಕಾರ್ಯಕ್ರಮ ಎಂಬ ಕಟ್ಟಳೆಯನ್ನು ಹದಿನೈದಕ್ಕೆ ಏರಿಸಬೇಕೆಂದು ರಗ್ಬಿ ಸಂಸ್ಥೆ ಕೇಳಿತು. ಆಗದಿದ್ದರೆ ಊರನ್ನೇ ಬಿಡುವ ಯೋಚನೆ ಮಾಡಬೇಕಾದೀತು ಎಂಬ ಮಾತೂ 2025ರಲ್ಲಿ ಸಂಸ್ಥೆಯ ಮುಖ್ಯಸ್ಥರಿಂದ ಬಂತು. ಮೂರು ಎಲ್ಲಿ, ಹದಿನೈದು ಎಲ್ಲಿ? ಈ ಏರಿಕೆಯನ್ನು ಕೇಳಿ ಮೌನವಾಗಿರುವ ನೆರೆಯವರು ಇದ್ದರೆ ಅವರ ಬಗ್ಗೆ ಆಶ್ಚರ್ಯಪಡಬೇಕು.

ಬೆರ್ನಬೇವು ಕಥೆಯ ಮುಂದಿನ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆಕ್ಷೇಪಣೆಗಳನ್ನು ಕಡೆಗಣಿಸಿದರೆ ಏಳಿಗೆ ಸುಗಮವಾಗುತ್ತದೆ ಎಂಬ ನಂಬಿಕೆಯನ್ನು ಅದರಷ್ಟು ಚೆನ್ನಾಗಿ ಪರೀಕ್ಷಿಸಿದ ಉದಾಹರಣೆ ಇನ್ನೊಂದಿಲ್ಲ. ಕ್ರೀಡಾಂಗಣ ಇರುವುದು ಚಾಮಾರ್ಟಿನ್ ಪ್ರದೇಶದಲ್ಲಿ, ಕಾಸ್ಟೆಯಾನಾ ಮುಖ್ಯರಸ್ತೆಯ ಅಂಚಿಗೆ. ಉಳಿದ ಮೂರು ಕಡೆಯ ಬೀದಿಗಳಾಚೆ ಬಹುಮಹಡಿಯ ವಸತಿ ಕಟ್ಟಡಗಳಿವೆ. ಕಿಟಕಿ ತೆರೆದರೆ ಕ್ರೀಡಾಂಗಣದ ಗೋಡೆಯೇ ಎದುರು. 2024ರ ಮೇ 29 ಮತ್ತು 30ರಂದು ಟೇಲರ್ ಸ್ವಿಫ್ಟ್ ಹಾಡಿದರು. ಬೇಸಿಗೆಯುದ್ದಕ್ಕೂ ಕಾರ್ಯಕ್ರಮಗಳು ಬಂದವು, ಜುಲೈಯಲ್ಲಿ ಕರೋಲ್ ಜಿ ಸತತ ನಾಲ್ಕು ರಾತ್ರಿ ಹಾಡಿದರು. ನೆರೆಯವರು ಸಂಘ ಕಟ್ಟಿಕೊಂಡರು, ಮನೆಯೊಳಗೆ ಅಳತೆ ಮಾಡಿಸಿದರು, ನ್ಯಾಯಾಲಯದ ಬಾಗಿಲು ತಟ್ಟಿದರು. ಪಾಲಿಕೆ ಆಯೋಜಕರಿಗೆ ದಂಡ ಹಾಕಿತು. ಕೋಟಿಗಟ್ಟಲೆ ಟಿಕೆಟ್ ವಹಿವಾಟಿನ ಎದುರು ಆ ದಂಡಕ್ಕೆ ಯಾವ ಬಲವೂ ಇರಲಿಲ್ಲ, ಕಾರ್ಯಕ್ರಮಗಳು ಮುಂದುವರಿದವು. ಆ ವರ್ಷದ ಸೆಪ್ಟೆಂಬರಿನಲ್ಲಿ ಕ್ಲಬ್ ತಾನಾಗಿಯೇ ಮುಂದಿನ ಸಂಗೀತ ಕಾರ್ಯಕ್ರಮಗಳನ್ನೆಲ್ಲ ಮುಂದೂಡಿತು. ಸದ್ದು ತಡೆಯುವ ಏರ್ಪಾಡು ಮಾಡಿದ್ದರೂ ಪಾಲಿಕೆಯ ನಿಯಮ ಪಾಲಿಸುವುದು ಆಯೋಜಕರಿಗೆ ಕಷ್ಟವಾಗುತ್ತಿದೆ ಎಂದು ಅದೇ ಪ್ರಕಟಣೆಯಲ್ಲಿ ಒಪ್ಪಿಕೊಂಡಿತು. ನೂರು ಕೋಟಿ ಯೂರೊಗೂ ಹೆಚ್ಚು ಸುರಿದು, ಚಾವಣಿಯನ್ನೂ ಹಾಕಿ ಕಟ್ಟಿದ ಕ್ರೀಡಾಂಗಣ ತಾನು ದುಡಿಯಬೇಕೆಂದು ಕಟ್ಟಿದ ಕೆಲಸವನ್ನು ಸುತ್ತಲಿನ ಬೀದಿಗಳ ಶಬ್ದಮಿತಿಯೊಳಗೆ ಮಾಡಲಾರದೆ ನಿಂತಿತು. ನಕ್ಷೆ ಕಾಗದದ ಮೇಲಿದ್ದಾಗಲೇ ‘ಸದ್ದು ಎಲ್ಲಿಂದ ಹೊರಬೀಳುತ್ತದೆ, ಎಷ್ಟು ರಾತ್ರಿ’ ಎಂಬ ಪ್ರಶ್ನೆಗೆ ಗಟ್ಟಿಯಾದ ಉತ್ತರ ಪಡೆದಿದ್ದರೆ ಈ ನಷ್ಟ ನೆರೆಯವರಿಗೂ ಆಗುತ್ತಿರಲಿಲ್ಲ, ಕ್ಲಬ್ಬಿಗೂ ಆಗುತ್ತಿರಲಿಲ್ಲ, ಟಿಕೆಟ್ ಕೊಂಡ ಅಭಿಮಾನಿಗಳಿಗೂ ಆಗುತ್ತಿರಲಿಲ್ಲ. ಇಷ್ಟಾದ ಮೇಲೂ ಊರಿಗೆ ನಷ್ಟ ತಂದವರು ತಕರಾರು ಮಾಡಿದವರೇ ಎಂದು ಹೇಳುವುದಾದರೆ ನಷ್ಟ ಎಂದರೇನೆಂದು ಮೊದಲು ವಿವರಿಸಬೇಕು.

ಪಂದ್ಯದ ಸದ್ದನ್ನು ಇಷ್ಟು ವರ್ಷ ಸಹಿಸಿದವರಿಗೆ ಹಾಡಿನ ಸದ್ದು ಏಕೆ ಭಾರ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು, ಉತ್ತರ ಭೌತಶಾಸ್ತ್ರದಲ್ಲಿದೆ. ಪಂದ್ಯದ ಗದ್ದಲ ಜನರ ಗಂಟಲಿನಿಂದ ಬರುತ್ತದೆ. ಏರುತ್ತದೆ, ಇಳಿಯುತ್ತದೆ, ಗೋಲು ಬಿದ್ದಾಗ ಸಿಡಿಯುತ್ತದೆ, ಎರಡು ಗಂಟೆಯೊಳಗೆ ಮುಗಿಯುತ್ತದೆ. ಸಂಗೀತ ಕಾರ್ಯಕ್ರಮದ ಸದ್ದು ಬರುವುದು ಧ್ವನಿವರ್ಧಕಗಳ ಗೋಪುರಗಳಿಂದ. ಅದರ ಅತಿ ಕೆಳಗಿನ ಸ್ತರದ ಬೇಸ್ ಸದ್ದನ್ನು ಗೋಡೆ ತಡೆಯುವುದಿಲ್ಲ, ಮುಚ್ಚಿದ ಕಿಟಕಿ ತಡೆಯುವುದಿಲ್ಲ. ಅದು ಕಿವಿಗಿಂತ ಮೊದಲು ಎದೆಗೆ ತಟ್ಟುತ್ತದೆ. ಮೂರು ಗಂಟೆಯ ಕಾರ್ಯಕ್ರಮಕ್ಕೆ ಹಗಲಿಡೀ ಧ್ವನಿ ಪರೀಕ್ಷೆ ಇರುತ್ತದೆ. ಹಿಂದಿನ ದಿನಗಳಲ್ಲಿ ವೇದಿಕೆ ಕಟ್ಟುವ ಬಡಿತ, ಮುಗಿದ ಮೇಲೆ ರಾತ್ರೋರಾತ್ರಿ ಲಾರಿಗಳಿಗೆ ಸಾಮಾನು ಏರಿಸುವ ಸದ್ದು. ಅಂದರೆ ಅನುಮತಿ ಪತ್ರದಲ್ಲಿ ‘ಒಂದು ಕಾರ್ಯಕ್ರಮ’ ಎಂದಿರುವುದು ಬೀದಿಯಲ್ಲಿ ಮೂರು ನಾಲ್ಕು ದಿನ. ಇನ್ನು ಡೆಸಿಬಲ್ ಎಂಬುದು ಸಾಮಾನ್ಯ ಅಂಕಿಯಂತೆ ಏರುವುದಿಲ್ಲ. ಮೂರು ಡೆಸಿಬಲ್ ಹೆಚ್ಚಾದರೆ ಸದ್ದಿನ ಶಕ್ತಿ ಎರಡರಷ್ಟು, ಹತ್ತು ಹೆಚ್ಚಾದರೆ ಶಕ್ತಿ ಹತ್ತರಷ್ಟು, ಕಿವಿಗೆ ಸುಮಾರು ಎರಡರಷ್ಟು ಜೋರು. ‘ಮಿತಿಗಿಂತ ಬರೀ ಹತ್ತು ಹೆಚ್ಚು’ ಎಂದು ಆಯೋಜಕರು ಹೇಳಿದಾಗ ಕೇಳುವವರು ಅದನ್ನು ನೂರಕ್ಕೆ ಹತ್ತು ಎಂದುಕೊಂಡು ಸುಮ್ಮನಾಗುತ್ತಾರೆ. ಜೊತೆಗೆ, ಸಾಮಾನ್ಯವಾಗಿ ಬಳಸುವ ಎ ತೂಕದ ಡೆಸಿಬಲ್ ಅಳತೆ ಕೆಳಸ್ತರದ ಸದ್ದನ್ನು ಕಡಿಮೆ ಮಾಡಿಯೇ ತೋರಿಸುತ್ತದೆ, ಏಕೆಂದರೆ ಮನುಷ್ಯನ ಕಿವಿ ಆ ಸ್ತರದಲ್ಲಿ ಮಂದ ಎಂಬ ಆಧಾರದ ಮೇಲೆ ಅದನ್ನು ರೂಪಿಸಲಾಗಿದೆ. ನೆರೆಯವರು ದೂರುವುದು ಮಾತ್ರ ಹೆಚ್ಚಾಗಿ ಆ ಬಡಿತವನ್ನೇ. ಹಾಗಾಗಿ ಮೀಟರು ಸರಿ ಎಂದ ರಾತ್ರಿಯೂ ಮಗು ನಿದ್ದೆ ಮಾಡದೆ ಇರಬಹುದು. ಇದನ್ನು ಯಾರದೋ ಅತಿ ಸೂಕ್ಷ್ಮತೆ ಎಂದು ತಳ್ಳಿಹಾಕುವುದು ಅಳತೆಯ ಮಿತಿಯನ್ನು ಜನರ ದೋಷವೆಂದು ಹೇಳಿದಂತೆ.

ಆದರೂ ಡೆಸಿಬಲ್ಲಿಗಿಂತ ದೊಡ್ಡ ವಿಷಯ ಸಂಖ್ಯೆ. ಬ್ರಿಟನ್ನಿನ ಶಬ್ದ ಮಂಡಳಿ 1995ರಲ್ಲಿ ಸಂಗೀತ ಕಾರ್ಯಕ್ರಮಗಳ ಸದ್ದಿನ ಬಗ್ಗೆ ಒಂದು ಮಾರ್ಗದರ್ಶಿ ಹೊರತಂದಿತು. ಅಲ್ಲಿನ ಪಾಲಿಕೆಗಳು ದಶಕಗಳ ಕಾಲ ನೆಚ್ಚಿಕೊಂಡು ಬಂದ ಪತ್ರ ಅದು. ನಗರದ ಕ್ರೀಡಾಂಗಣದಲ್ಲಿ ವರ್ಷಕ್ಕೆ ಒಂದರಿಂದ ಮೂರು ದಿನ ಮಾತ್ರ ಕಾರ್ಯಕ್ರಮ ನಡೆದರೆ ನೆರೆಮನೆಯ ಹೊರಗೆ ಹದಿನೈದು ನಿಮಿಷದ ಸರಾಸರಿ 75 ಡೆಸಿಬಲ್‌ವರೆಗೆ ಇರಬಹುದು ಎಂದು ಅದು ಹೇಳಿತು. ನಾಲ್ಕರಿಂದ ಹನ್ನೆರಡು ದಿನ ನಡೆಯುವುದಾದರೆ 75ರ ಮಾತೇ ಇಲ್ಲ. ಆ ಬೀದಿಯ ಎಂದಿನ ಹಿನ್ನೆಲೆ ಸದ್ದಿಗಿಂತ 15 ಡೆಸಿಬಲ್ ಮೀರಬಾರದು. ಸದ್ದನ್ನು ಅಳೆಯುವ ವೃತ್ತಿಯವರೇ ಒಪ್ಪಿಕೊಂಡ ತತ್ವ ಇದು: ಅಪರೂಪಕ್ಕೆ ಬಂದಾಗ ಜನ ಸಹಿಸುವ ಸದ್ದನ್ನು ಪದೇ ಪದೇ ಬಂದಾಗ ಸಹಿಸಲಾರರು, ಸಹಿಸಬೇಕೆಂದು ಕೇಳುವುದೂ ನ್ಯಾಯವಲ್ಲ. ಇದು ನಮಗೆ ಹೊಸ ತಿಳಿವಳಿಕೆಯೇನಲ್ಲ. ಬೀದಿಯ ಒಂದು ಮನೆಯಲ್ಲಿ ಮಗಳ ಮದುವೆಗೆ ಚಪ್ಪರ ಹಾಕಿ ವಾಲಗ ಊದಿಸಿದರೆ ಅಕ್ಕಪಕ್ಕದವರು ದೂರು ಕೊಡುವುದಿಲ್ಲ, ಹೋಗಿ ಊಟ ಮಾಡಿ ಬರುತ್ತಾರೆ. ಅದೇ ಮನೆಯನ್ನು ಕಲ್ಯಾಣ ಮಂಟಪ ಮಾಡಲು ಹೊರಟರೆ ಬೀದಿಯೆಲ್ಲ ಸೇರಿ ಅರ್ಜಿ ಬರೆಯುತ್ತದೆ. ವಾಲಗ ಅದೇ, ಜನವೂ ಅವರೇ, ಬದಲಾದದ್ದು ದಿನಗಳ ಲೆಕ್ಕ. ಕ್ರೀಡಾಂಗಣದ ಮರುನಿರ್ಮಾಣಕ್ಕೆ ಆಕ್ಷೇಪಿಸುವವರು ಸಂಗೀತದ್ವೇಷಿಗಳು ಎನ್ನುವ ಮಾತು ಈ ಒಂದು ವ್ಯತ್ಯಾಸವನ್ನು ಮರೆಸುವುದಕ್ಕೇ ಹುಟ್ಟಿದ್ದು.

‘ತಿಳಿದೇ ಬಂದಿರಲ್ಲ’ ಎಂಬ ವಾದಕ್ಕೆ ಬರೋಣ. ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಇದೇ, ಎಲ್ಲಕ್ಕಿಂತ ದುರ್ಬಲವಾದದ್ದೂ ಇದೇ. ಇಂಗ್ಲೆಂಡಿನ ನ್ಯಾಯಾಲಯಗಳು ಇದನ್ನು 1879ರಿಂದಲೂ ತೂಗಿ ನೋಡಿವೆ. ಆ ವರ್ಷ ಲಂಡನ್ನಿನ ಮಿಠಾಯಿ ತಯಾರಕನೊಬ್ಬ, ತನ್ನ ಒರಳು ಕುಟ್ಟುವ ಸದ್ದು ವೈದ್ಯನ ಕೋಣೆ ಪಕ್ಕಕ್ಕೆ ಬರುವ ಮೊದಲಿನಿಂದಲೂ ಇತ್ತು ಎಂದು ವಾದಿಸಿ ಸೋತ. 1977ರಲ್ಲಿ ಡರ್ಹಮ್ ಪ್ರಾಂತ್ಯದ ಹಳ್ಳಿಯೊಂದರ ಕ್ರಿಕೆಟ್ ಮೈದಾನದ ಪ್ರಕರಣದಲ್ಲಿ ನ್ಯಾಯಮೂರ್ತಿ ಡೆನ್ನಿಂಗ್ ಕ್ಲಬ್ಬಿನ ಪರ ನಿಂತರು. ಎಪ್ಪತ್ತು ವರ್ಷ ಆಡುತ್ತಿದ್ದ ಮೈದಾನದ ಪಕ್ಕ 1972ರಲ್ಲಿ ಹೊಸ ಮನೆ ಕೊಂಡು, ಚೆಂಡು ಬೀಳುತ್ತದೆಂದು ದೂರುವುದು ಎಂಥ ನ್ಯಾಯ ಎಂಬುದು ಅವರ ನಿಲುವು. ಕ್ರೀಡಾಪ್ರೇಮಿಗಳು ಇಂದಿಗೂ ಆ ತೀರ್ಪನ್ನು ಪ್ರೀತಿಯಿಂದ ನೆನೆಯುತ್ತಾರೆ. ಆದರೆ ಅದೇ ಪೀಠದ ಉಳಿದಿಬ್ಬರು ಕ್ಲಬ್ ತಪ್ಪಿತಸ್ಥ ಎಂದೇ ಹೇಳಿದರು ಎಂಬುದನ್ನೂ, ಆಟ ನಿಲ್ಲಿಸದಿದ್ದರೂ ಪರಿಹಾರ ಕೊಡಬೇಕಾಯಿತು ಎಂಬುದನ್ನೂ ನೆನೆಯುವುದಿಲ್ಲ. ಪ್ರಶ್ನೆ ತಿಳಿಯಾದದ್ದು 2014ರ ಫೆಬ್ರವರಿಯಲ್ಲಿ, ಸಫಕ್ ಪ್ರಾಂತ್ಯದ ಮಿಲ್ಡನ್‌ಹಾಲ್ ಬಳಿಯ ಕ್ರೀಡಾಂಗಣದ ಪ್ರಕರಣದಲ್ಲಿ. ಅಲ್ಲಿ 1975ರ ಅನುಮತಿಯಂತೆ ಮೋಟಾರು ಬೈಕ್ ಓಟ ಶುರುವಾಗಿತ್ತು, ಆಮೇಲೆ ಕಾರುಗಳ ಓಟ ಸೇರಿಕೊಂಡಿತ್ತು, 1992ರಿಂದ ಹಿಂಬದಿಯ ಜಾಗದಲ್ಲಿ ಮೋಟೊಕ್ರಾಸ್ ಕೂಡ ಬಂದಿತ್ತು. ದೂರು ಕೊಟ್ಟವರು ಹತ್ತಿರದ ಮನೆಯನ್ನು ಕೊಂಡದ್ದು 2006ರಲ್ಲಿ. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಮನೆಯನ್ನು ಹಿಂದಿನವರು ಬಳಸಿದಂತೆಯೇ ಬಳಸುವವನಿಗೆ ‘ನೀನು ಆಮೇಲೆ ಬಂದವನು’ ಎಂಬ ಉತ್ತರ ಸಲ್ಲದು ಎಂದು ಹೇಳಿತು. ಯೋಜನಾ ಅನುಮತಿ ಇದೆ ಎಂಬ ಮಾತ್ರಕ್ಕೆ ನೆರೆಯವನ ಹಕ್ಕು ಅಳಿಯುವುದಿಲ್ಲ ಎಂದೂ ಹೇಳಿತು. ಖಾಲಿ ಜಾಗದಲ್ಲಿ ಹೊಸದಾಗಿ ಮನೆ ಕಟ್ಟಿಸಿಕೊಂಡು ಬಂದವರ ಮಾತು ಬೇರೆಯಾಗಬಹುದು ಎಂಬ ಬಾಗಿಲನ್ನು ಅದು ತೆರೆದೇ ಇಟ್ಟಿತು, ಅದು ನನಗೂ ಸರಿ ಎನಿಸುತ್ತದೆ. ಭಾರತದ ಉಪದ್ರವ ಕಾನೂನು ಬೆಳೆದದ್ದು ಇದೇ ಬೇರಿನಿಂದ.

ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ ಈ ವಾದ ನಿಲ್ಲುವುದಿಲ್ಲ. ಜನ ತಿಳಿದು ಬಂದದ್ದು ಏನನ್ನು? ಡಬ್ಲಿನ್ ನಗರದ ಕ್ರೋಕ್ ಪಾರ್ಕ್ ಮೈದಾನವನ್ನು ಗೇಲಿಕ್ ಕ್ರೀಡಾ ಸಂಸ್ಥೆ ಕೊಂಡದ್ದು 1913ರಲ್ಲಿ. ಸುತ್ತಲಿನ ಡ್ರಮ್‌ಕಾಂಡ್ರ, ಬ್ಯಾಲಿಬಾವ್ ಬೀದಿಗಳು ಒತ್ತೊತ್ತಾಗಿ ಸಾಲುಮನೆಗಳಿರುವ ಹಳೆಯ ಬಡಾವಣೆಗಳು. ಹರ್ಲಿಂಗ್ ಪಂದ್ಯದ ಭಾನುವಾರಗಳು ಅಲ್ಲಿನ ಜನರಿಗೆ ಹುಟ್ಟಿನಿಂದ ಗೊತ್ತು. ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಹೊಸ ಕ್ರೀಡಾಂಗಣದಲ್ಲಿ ಸಾಲುಸಾಲಾಗಿ ರಾತ್ರಿ ಕಾರ್ಯಕ್ರಮ ನಡೆಯುವುದು ಅವರಿಗೆ ಗೊತ್ತಿದ್ದ ಸಂಗತಿಯಲ್ಲ. ಬಂದವರು ಜನರಲ್ಲ, ಸದ್ದು. ಹೊಸದಾಗಿ ಬಂದವರೇ ಅದರ ಹೊಣೆ ಹೊರಬೇಕು ಎಂಬ ತತ್ವವನ್ನು ಇಂಗ್ಲೆಂಡಿನ ಯೋಜನಾ ನೀತಿ 2018ರಲ್ಲಿ ಸ್ಪಷ್ಟವಾಗಿ ಸೇರಿಸಿಕೊಂಡಿತು. ಹಳೆಯ ಸಂಗೀತ ಸಭಾಂಗಣದ ಪಕ್ಕ ಹೊಸ ಅಪಾರ್ಟ್‌ಮೆಂಟು ಕಟ್ಟುವವನು ತಾನೇ ಸದ್ದು ತಡೆಯುವ ಗಾಜು, ಗೋಡೆ ಹಾಕಿಕೊಳ್ಳಬೇಕು, ಸಭಾಂಗಣವನ್ನು ಮುಚ್ಚಿಸಬಾರದು. ಸಂಗೀತಗಾರರು ಹೋರಾಡಿ ಪಡೆದ ರಕ್ಷಣೆ ಅದು, ನಾನು ಮನಸಾರೆ ಒಪ್ಪುತ್ತೇನೆ. ಹಳೆಯ ಬೀದಿಯ ಪಕ್ಕ ಹೊಸ ಬಗೆಯ ಸದ್ದನ್ನು ತರುವ ಕ್ಲಬ್ಬಿಗೂ ಅದೇ ತತ್ವ ಅನ್ವಯಿಸಬೇಕು ಎಂದಾಗ ಮಾತ್ರ ಅದನ್ನು ಅಡ್ಡಗಾಲು ಎನ್ನುವುದು ಹೇಗೆ ಸರಿ?

ಕ್ರೋಕ್ ಪಾರ್ಕಿನ ಪ್ರಸಂಗವನ್ನು ನೆರೆಯವರ ವಿರುದ್ಧ ಸಾಕ್ಷಿಯಾಗಿ ಬಳಸುವವರು ಬಹಳ. 2014ರ ಜುಲೈಯಲ್ಲಿ ಅಮೆರಿಕದ ಗಾಯಕ ಗಾರ್ತ್ ಬ್ರೂಕ್ಸ್ ಅಲ್ಲಿ ಸತತ ಐದು ರಾತ್ರಿ ಹಾಡಬೇಕಿತ್ತು. ಸುಮಾರು ನಾಲ್ಕು ಲಕ್ಷ ಟಿಕೆಟ್ ಮಾರಾಟವಾಗಿತ್ತು. ಆ ಮೇ ತಿಂಗಳಲ್ಲೇ ಒನ್ ಡೈರೆಕ್ಷನ್ ತಂಡದ ಮೂರು ರಾತ್ರಿಗಳು ಮುಗಿದಿದ್ದವು. ನೆರೆಯವರು ಆಕ್ಷೇಪಿಸಿದರು; ಡಬ್ಲಿನ್ ನಗರಸಭೆ ಮೂರು ರಾತ್ರಿಗೆ ಮಾತ್ರ ಪರವಾನಗಿ ಕೊಟ್ಟಿತು. ಐದೂ ಇಲ್ಲದಿದ್ದರೆ ಒಂದೂ ಬೇಡ ಎಂದು ಗಾಯಕರು ಎಲ್ಲವನ್ನೂ ರದ್ದು ಮಾಡಿದರು. ಬೆರಳೆಣಿಕೆಯ ಮನೆಗಳು ಒಂದು ದೇಶದ ಸಂಭ್ರಮವನ್ನು ಕಸಿದವು ಎಂಬ ಕೂಗೆದ್ದಿತು, ಇಂದಿಗೂ ಆ ಕಥೆಯನ್ನು ಹಾಗೆಯೇ ಹೇಳುತ್ತಾರೆ. ನಡೆದದ್ದನ್ನು ಕ್ರಮವಾಗಿ ಜೋಡಿಸಿ ನೋಡಿ. ಪರವಾನಗಿ ಸಿಗುವ ಮೊದಲೇ ಐದೂ ರಾತ್ರಿಯ ಟಿಕೆಟ್ ಮಾರಿದವರು ಯಾರು? ಮೂರು ರಾತ್ರಿ ಸಿಕ್ಕಿದ್ದನ್ನು ಬೇಡ ಎಂದವರು ಯಾರು? ನೆರೆಯವರಂತೂ ಅಲ್ಲ. ಐರ್ಲೆಂಡ್ ಸರ್ಕಾರ ಈ ಪ್ರಸಂಗದಿಂದ ಕಲಿತ ಪಾಠ ನೆರೆಯವರ ಬಾಯಿ ಮುಚ್ಚಿಸುವುದಾಗಿರಲಿಲ್ಲ. ಮರುವರ್ಷ ತಂದ ತಿದ್ದುಪಡಿಯಂತೆ, ಟಿಕೆಟ್ ಮಾರುವ ಮೊದಲು ಆಯೋಜಕರು ಸ್ಥಳೀಯ ಸಂಸ್ಥೆಯೊಂದಿಗೆ ಮಾತುಕತೆ ನಡೆಸಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ಅದೇ ಗಾಯಕರು ಅದೇ ಕ್ರೀಡಾಂಗಣದಲ್ಲಿ ಐದು ರಾತ್ರಿ ಹಾಡಿದರು. ಒಂದು ವಾರಾಂತ್ಯದಲ್ಲಿ ಮೂರು, ಮುಂದಿನದರಲ್ಲಿ ಎರಡು, ನಡುವೆ ಬಿಡುವು, ಮೊದಲೇ ಪಡೆದ ಪರವಾನಗಿ. ಬೀದಿಗಳು ಅವೇ, ಗಾಯಕರೂ ಅವರೇ. ಆಕ್ಷೇಪಣೆ ಸಂಗೀತವನ್ನು ಕೊಲ್ಲುತ್ತದೆ ಎನ್ನುವವರು ಈ ಎರಡನೆಯ ಕಂತನ್ನು ಹೇಳುವುದೇ ಇಲ್ಲ.

ಇನ್ನೊಂದು ವಾದ ಮೇಲ್ನೋಟಕ್ಕೆ ಸೌಮ್ಯವಾದದ್ದು. ಕಟ್ಟಲು ಬಿಡಿ, ಸದ್ದಿನ ವಿಚಾರವನ್ನು ಆಮೇಲೆ ಲೈಸೆನ್ಸು ಕೊಡುವಾಗ ನೋಡಿಕೊಳ್ಳೋಣ, ಯೋಜನೆಯ ಹಂತದಲ್ಲಿ ಏಕೆ ತಡೆಯುತ್ತೀರಿ ಎಂಬುದು. ಸಮಾಧಾನದ ಮಾತಿನಂತೆ ಕೇಳಿಸುವುದರಿಂದ ಇದಕ್ಕೆ ಬಲಿಯಾಗುವವರೂ ಹೆಚ್ಚು. ಆದರೆ ಚಾವಣಿಯ ಆಕಾರ, ಹೊರಗೋಡೆಯ ಸಂದುಗಳು, ವೇದಿಕೆ ಯಾವ ದಿಕ್ಕಿಗೆ, ಲಾರಿಗಳು ಯಾವ ಬೀದಿಯಿಂದ ಬರಬೇಕು, ಇವೆಲ್ಲ ನಕ್ಷೆಯಲ್ಲಿ ತೀರ್ಮಾನವಾಗುವ ವಿಷಯಗಳು. ಕಟ್ಟಿದ ಮೇಲೆ ಲೈಸೆನ್ಸು ಅಧಿಕಾರಿಯ ಕೈಯಲ್ಲಿ ಉಳಿಯುವುದು ಸದ್ದಿನ ಗುಂಡಿಯೊಂದೇ. ಅದನ್ನು ಇಳಿಸಿದರೆ ಕಲಾವಿದರು ಬರುವುದಿಲ್ಲ, ಇಳಿಸದಿದ್ದರೆ ಬೀದಿ ಮಲಗುವುದಿಲ್ಲ. ಅಷ್ಟು ಹೊತ್ತಿಗೆ ಸಾಲದ ಕಂತು ಓಡುತ್ತಿರುತ್ತದೆ, ಉದ್ಯೋಗಗಳ ಲೆಕ್ಕ ಪತ್ರಿಕೆಯಲ್ಲಿ ಬಂದಿರುತ್ತದೆ. ಇಂಥ ಒತ್ತಡದ ಎದುರು ಕಿರಿಯ ಅಧಿಕಾರಿಯೊಬ್ಬರು ಇಲ್ಲ ಎನ್ನುವರೆಂದು ನಿರೀಕ್ಷಿಸುವುದು ಅವರಿಗೂ ಅನ್ಯಾಯ. ಯೋಜನಾ ಕಚೇರಿ ಮಾಡದೆ ಬಿಟ್ಟ ಕೆಲಸವನ್ನು ಕೊನೆಗೆ ನ್ಯಾಯಾಧೀಶರು ಮಾಡಬೇಕಾಗುತ್ತದೆ. 1980ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಕೆರೆಯೊಂದರ ಮೋಟಾರು ದೋಣಿ ಕ್ಲಬ್ಬಿಗೆ ಇಡೀ ಋತುವಿನ ದಿನಚರಿಯನ್ನೇ ಬರೆದುಕೊಟ್ಟಿತು: ಮೂರು ದಿನದ ಅಂತರರಾಷ್ಟ್ರೀಯ ಸ್ಪರ್ಧೆ ಒಂದು, ಎರಡು ದಿನದ ರಾಷ್ಟ್ರೀಯ ಸ್ಪರ್ಧೆ ಎರಡು, ಒಂದು ದಿನದ ಕ್ಲಬ್ ಸ್ಪರ್ಧೆ ಮೂರು, ನಡುವೆ ಬಿಡುವಿನ ವಾರಗಳು, ಉಳಿದ ಕಾಲಕ್ಕೆ 75 ಡೆಸಿಬಲ್ ಮಿತಿ. ಮೂವರು ನ್ಯಾಯಾಧೀಶರು ಕೂತು ದೋಣಿಯ ದಿನಗಳನ್ನು ಎಣಿಸಬೇಕಾಯಿತು, ಏಕೆಂದರೆ ಎಣಿಸಬೇಕಾದವರು ಮೊದಲು ಎಣಿಸಿರಲಿಲ್ಲ.

ಎಲ್ಲ ಆಕ್ಷೇಪಣೆಗಳೂ ಶುದ್ಧ ಎಂದು ನಾನು ಹೇಳುವುದಿಲ್ಲ. ಮನೆಯ ಬೆಲೆ ಇಳಿಯುವ ಚಿಂತೆಯನ್ನು ಶಬ್ದದ ಚಿಂತೆಯೆಂದು ಬರೆಯುವವರಿದ್ದಾರೆ. ಬೀದಿಗೆ ಹೊರಗಿನವರು ಬರುವುದೇ ಬೇಡ ಎಂಬ ಮನಸ್ಸಿನವರಿದ್ದಾರೆ. ಸಣ್ಣ ಊರಿನ ಕ್ಲಬ್ಬೊಂದು ಮಳೆಗೆ ಸೋರುವ ಗ್ಯಾಲರಿ ರಿಪೇರಿ ಮಾಡಿಸಲು ಹೊರಟರೂ ತಡೆಯುವವರು ಇದ್ದಾರೆ, ಅಂಥ ಕ್ಲಬ್ಬುಗಳ ಬಗ್ಗೆ ನನಗೆ ಪೂರ್ಣ ಸಹಾನುಭೂತಿ ಇದೆ. ಆದರೆ ಆಕ್ಷೇಪಣೆ ಬರೆದವನ ಉದ್ದೇಶ ಏನೇ ಇರಲಿ, ಅವನು ಎತ್ತಿದ ಪ್ರಶ್ನೆಗೆ ಉತ್ತರ ಒಂದೇ ಇರುತ್ತದೆ: ಸದ್ದು ಮಿತಿಯೊಳಗೆ ಇರುತ್ತದೋ ಇಲ್ಲವೋ, ರಾತ್ರಿಗಳು ಎಷ್ಟು. ಅಳೆದು ತೋರಿಸಿದರೆ ಸುಳ್ಳು ಆಕ್ಷೇಪಣೆ ತಾನಾಗಿ ಬಿದ್ದುಹೋಗುತ್ತದೆ. ಅಳೆಯದೆ ಎಲ್ಲರನ್ನೂ ಒಂದೇ ಹೆಸರಿನಿಂದ ಕರೆದರೆ, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ನರ್ಸು, ಹಾಸಿಗೆ ಹಿಡಿದ ಮುದುಕಿ, ಬಾಡಿಗೆ ಮನೆ ಬಿಟ್ಟು ಬೇರೆಡೆ ಹೋಗಲು ಶಕ್ತಿಯಿಲ್ಲದ ಸಂಸಾರ ಇವರ ಮಾತೂ ಆ ಹೆಸರಿನಡಿ ಹೂತುಹೋಗುತ್ತದೆ. ಬಲವಿದ್ದವರು ಮನೆ ಮಾರಿ ಹೋಗಬಲ್ಲರು. ಉಳಿಯುವವರು ಇವರೇ.

ಆಟಗಾರರ ಹಿತವೂ ಈ ಚರ್ಚೆಯಲ್ಲಿ ಕ್ಲಬ್ಬಿನ ಹಿತದೊಳಗೆ ಕರಗಿಹೋಗಿದೆ. ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ 2024ರ ಅಕ್ಟೋಬರ್ 26 ಮತ್ತು 27ರಂದು ದಿಲ್ಜಿತ್ ದೊಸಾಂಝ್ ಅವರ ಕಾರ್ಯಕ್ರಮ ನಡೆದ ಮೇಲೆ ಓಟದ ಅಂಕಣದಲ್ಲಿ ಕಸ, ಒಡೆದ ಬಾಟಲಿ ಬಿದ್ದಿದ್ದನ್ನೂ ಅಭ್ಯಾಸದ ಸಾಮಗ್ರಿ ಹಾಳಾಗಿದ್ದನ್ನೂ ಅಲ್ಲಿ ತರಬೇತಿ ಪಡೆಯುತ್ತಿದ್ದ ಓಟಗಾರರೇ ದೇಶಕ್ಕೆ ತೋರಿಸಿದರು. ಕ್ರೀಡೆಯ ಹೆಸರಿನಲ್ಲಿ ಕಟ್ಟಿದ ಜಾಗದಿಂದ ಕ್ರೀಡಾಪಟುಗಳೇ ಕೆಲವು ದಿನ ಹೊರಗೆ ನಿಂತರು. ನೆರೆಯವರ ಆಕ್ಷೇಪಣೆ ಕ್ರೀಡೆಯ ವಿರುದ್ಧ ಎನ್ನುವವರು ಇದಕ್ಕೆ ಉತ್ತರ ಕೊಡಬೇಕು. ಕಾರ್ಯಕ್ರಮಗಳ ಸಂಖ್ಯೆಗೆ ಹಾಕುವ ಮಿತಿ ಪಕ್ಕದ ಬೀದಿಯನ್ನು ಕಾಯುವಂತೆಯೇ ಒಳಗಿನ ಅಂಕಣವನ್ನೂ ಕಾಯುತ್ತದೆ.

ನಮ್ಮಲ್ಲಿ ಈ ವಿಷಯ ಇನ್ನೂ ಕಷ್ಟದ್ದು, ಏಕೆಂದರೆ ಡಬ್ಲಿನ್ನಿನ ನಿವಾಸಿಗೆ ಆಕ್ಷೇಪಣೆ ಬರೆಯಲು ಒಂದು ಕಚೇರಿಯಾದರೂ ಇತ್ತು. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎನ್ನುತ್ತವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ನಿಷೇಧ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿವರೆಗೆ ವಿನಾಯಿತಿ ಕೊಡಬಹುದು. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಸದ್ದು ಆ ಪ್ರದೇಶದ ಮಿತಿಗಿಂತ 10 ಹೆಚ್ಚು ಅಥವಾ 75, ಇವೆರಡರಲ್ಲಿ ಕಡಿಮೆಯಾದುದನ್ನು ಮೀರಬಾರದು. 2005ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬದುಕುವ ಹಕ್ಕಿನಲ್ಲಿ ಸದ್ದಿನಿಂದ ರಕ್ಷಣೆಯೂ ಸೇರಿದೆ ಎಂದು ಹೇಳಿತು. ಅಂಕಿಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಒಂದೊಂದು ಕ್ರೀಡಾಂಗಣಕ್ಕೂ ವರ್ಷಕ್ಕೆ ಎಷ್ಟು ರಾತ್ರಿ ಎಂದು ಕಟ್ಟುವ ಮೊದಲೇ ಬರೆದಿಡುವ ಪದ್ಧತಿಗೆ. ಮೈದಾನದ ನಕ್ಷೆಗೆ ಅನುಮತಿ ಕೊಡುವವರು ಒಬ್ಬರು, ಕಾರ್ಯಕ್ರಮಕ್ಕೆ ಅನುಮತಿ ಕೊಡುವ ಪೊಲೀಸರು ಇನ್ನೊಬ್ಬರು, ಸದ್ದು ಅಳೆಯಬೇಕಾದ ಮಂಡಳಿ ಮತ್ತೊಂದು. ನೆರೆಯವರಿಗೆ ಉಳಿಯುವುದು ಆ ರಾತ್ರಿ ಠಾಣೆಗೆ ಮಾಡುವ ಫೋನು.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಹೊರಗೆ 11 ಜನ ಸತ್ತದ್ದು ಸದ್ದಿನಿಂದಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪಾಗುತ್ತದೆ. ಆದರೆ ಅಂದು ಅಲ್ಲಿ ನಡೆದದ್ದು ಪಂದ್ಯವಲ್ಲ, ವಿಜಯೋತ್ಸವ. ಕ್ರೀಡಾಂಗಣದ ಬಾಗಿಲು, ರಸ್ತೆ, ಜನ ಹೊರಹೋಗುವ ದಾರಿ ಯಾವ ಬಳಕೆಗೆ ತಕ್ಕುದು, ಯಾವುದಕ್ಕೆ ಅಲ್ಲ ಎಂಬ ಪ್ರಶ್ನೆಯನ್ನು ವಿಚಾರಣಾ ಆಯೋಗ ಸಾವುಗಳ ನಂತರ ಕೇಳಿತು, ಭಾರಿ ಜನಸಂದಣಿಗೆ ಆ ಜಾಗ ಸುರಕ್ಷಿತವಲ್ಲ ಎಂದು ಹೇಳಿತು. ಅದರ ಬೆನ್ನಿಗೇ ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ, ಕರ್ನಾಟಕ ಗೃಹ ಮಂಡಳಿಯ ಮೂಲಕ, 80 ಸಾವಿರ ಆಸನಗಳ ಹೊಸ ಕ್ರೀಡಾಂಗಣ ಕಟ್ಟುವ ಯೋಜನೆಯನ್ನು ಸರ್ಕಾರ ಪ್ರಕಟಿಸಿತು. ಅದೇ ಮಂಡಳಿ ಜನರಿಗೆ ನಿವೇಶನ ಹಂಚುವ ಬಡಾವಣೆ ಅದು. ಮನೆ ಕಟ್ಟುವವರೂ ಕ್ರೀಡಾಂಗಣ ಕಟ್ಟುವವರೂ ಒಂದೇ ಕಾಲಕ್ಕೆ ಬರುತ್ತಿರುವುದರಿಂದ ಮೊದಲು ಬಂದವರು ಯಾರೆಂಬ ಜಗಳಕ್ಕೂ ಅಲ್ಲಿ ಎಡೆಯಿಲ್ಲ. ಪಂದ್ಯವಲ್ಲದ ಕಾರ್ಯಕ್ರಮ ವರ್ಷಕ್ಕೆ ಎಷ್ಟು, ಸತತ ಎರಡು ರಾತ್ರಿಗಿಂತ ಹೆಚ್ಚು ಇರಬಹುದೇ, ಬೇಸ್ ಸದ್ದಿಗೆ ಪ್ರತ್ಯೇಕ ಮಿತಿ ಏನು, ಧ್ವನಿ ಪರೀಕ್ಷೆ ಎಷ್ಟು ಗಂಟೆಯಿಂದ ಎಷ್ಟರವರೆಗೆ, ಅಳತೆಯನ್ನು ಯಾರು ಮಾಡಿ ಎಲ್ಲಿ ಪ್ರಕಟಿಸುತ್ತಾರೆ ಎಂಬುದನ್ನು ನಿವೇಶನ ಪತ್ರದಲ್ಲೂ ಕ್ರೀಡಾಂಗಣದ ಅನುಮತಿಯಲ್ಲೂ ಒಂದೇ ಮಾತಿನಲ್ಲಿ ಬರೆಯಬೇಕು. ಟೆಂಡರು ಕರೆಯುವ ಮೊದಲು ಅಲ್ಲಿನ ನಿವೇಶನದಾರರನ್ನೂ ಸುತ್ತಲಿನ ಹಳ್ಳಿಗಳವರನ್ನೂ ಕರೆದು ಆಕ್ಷೇಪಣೆ ಬರೆಸಿಕೊಳ್ಳಬೇಕು, ಒಂದೊಂದಕ್ಕೂ ಲಿಖಿತ ಉತ್ತರ ಕೊಡಬೇಕು.